ಇಲಿಗಳು ನಿನ್ನನ್ನು ಕೇಳುತ್ತಿವೆ

ಭಾನುವಾರ,
ಮಧ್ಯಾಹ್ನದ ಊಟ ಮುಗಿಸಿ

ಬೈಗುಳ ಸಾಮ್ರಾಜ್ಯದ ಏಕಚಕ್ರಾಧಿಪತಿಯಾದ ನನ್ನ ಅಕ್ಕನ ಸನ್ನಿಧಾನಕ್ಕೆ,

ತಮ್ಮನಾದ ಗೂಬೆಯು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಇಲಿಗಳೂ ಕ್ಷೇಮ. ನಿನ್ನ ಸಮಾಚಾರ ಭಾವನಿಂದ ತಿಳಿಯುತ್ತಿದೆ. ಆದರೆ ಭಾವ ಸಮಾಚಾರ ಹೇಳುವ ವೈಖರಿ ನಿನಗೆ ಗೊತ್ತೇ ಇದೆ. "ಹ್ಞೂಂ, ಪರವಾಗಿಲ್ಲ" ಎನ್ನುವುದರೊಳಗೆ ಇಡೀ ತಿಂಗಳನ್ನು ಮಡಚಿ ಇಟ್ಟುಬಿಡುತ್ತಾರೆ.

ಬರೆಯುವುದು ತಡವಾಯಿತು, ಕ್ಷಮಿಸು. ಫೋನಿನ ಕಾಲದಲ್ಲಿ ಕಾಗದವೇ ಎಂದು ಹುಬ್ಬೇರಿಸಬೇಡ. ನೀನು ಫೋನು ಮುಟ್ಟುವುದಿಲ್ಲವಂತೆ, ಆದರೆ ಅಕ್ಷರ ಕಂಡರೆ ಓದುತ್ತೀಯಂತೆ, ಮಾತ್ರೆ ಡಬ್ಬಿಯ ಬೆನ್ನ ಮೇಲಿನದನ್ನೂ ಬಿಡುವುದಿಲ್ಲವಂತೆ. ಮಾತ್ರೆ ಡಬ್ಬಿಗಿಂತ ನಾನು ಒಂದು ಕೈ ಚೆನ್ನಾಗಿ ಬರೆಯುತ್ತೇನೆ ಎಂಬ ಧೈರ್ಯದ ಮೇಲೆ ಪೆನ್ನು ಹಿಡಿದಿದ್ದೇನೆ.

ನಿಮ್ಮ ಅತ್ತೆ ನನ್ನ ಓದಿನ ಬಗ್ಗೆ ವಿಚಾರಿಸಿದರಂತೆ. ಮಿದುಳಿನ ಮೇಲೆ ಸಂಶೋಧನೆ ಎಂದು ಭಾವ ಹೇಳಿದ್ದಕ್ಕೆ, "ಹಾಗಾದ್ರೆ ನನ್ನ ಮಂಡಿನೋವಿಗೆ ಏನಾದ್ರೂ ಬರ್ಕೊಡ್ತಾನಾ ಕೇಳು" ಎಂದರಂತೆ. ಆ ತಾಯಿಗೆ ಸತ್ಯ ತಿಳಿಸುವ ಭಾರ ನಿನ್ನದು. ಒಂದು ಡಿಗ್ರಿ, ಅದರ ಬೆನ್ನಿಗೆ ಇನ್ನೊಂದು ಡಿಗ್ರಿ, ಪ್ರವೇಶ ಪರೀಕ್ಷೆ, ಸಂದರ್ಶನ, ಇಷ್ಟನ್ನೆಲ್ಲ ದಾಟಿ ಬಂದು ನಾನು ಮಾಡುತ್ತಿರುವ ಘನಕಾರ್ಯವೆಂದರೆ ಇಲಿಗಳಿಗೆ ಕಚಗುಳಿ ಇಡುವುದು.

ನಗಬೇಡ. ಅಥವಾ ನಗು, ಅದಕ್ಕೇ ಬರೆಯುತ್ತಿರುವುದು.

ಇಲಿ ನಗುತ್ತದೆ ಅಕ್ಕಾ. ಮೊದಲು ಕತ್ತಿನ ಹಿಂದೆ, ಆಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಬೆರಳಾಡಿಸಿದರೆ ಚಿಲಿಪಿಲಿ ಎನ್ನುತ್ತದೆ. ಅದು ನಮ್ಮ ಕಿವಿಗೆ ಎಟುಕದಷ್ಟು ಕೀರಲು ದನಿ. ಅದನ್ನು ತಗ್ಗಿಸಿ ಕೇಳಿಸಲು ಒಂದು ಯಂತ್ರವಿದೆ. ಕೈ ಹಿಂದಕ್ಕೆ ತೆಗೆದರೆ ಅಟ್ಟಿಸಿಕೊಂಡು ಬರುತ್ತವೆ, ಇನ್ನೊಂದೇ ಒಂದು ಸಲ ಅನ್ನುವ ಹಾಗೆ. ನಾನು ಉಸಿರು ಕಟ್ಟುವವರೆಗೆ ನೀನು ಕಚಗುಳಿ ಇಡುತ್ತಿದ್ದೆಯಲ್ಲ, ಆ ತರಬೇತಿಯೇ ಇಲ್ಲಿ ಅನ್ನ ಹಾಕುತ್ತಿದೆ.

ಕೆಲಸಕ್ಕೆ ಇನ್ನೊಂದು ಮುಖವೂ ಇದೆ. ಕುಸಿದ ಮನಸ್ಸನ್ನು ಎತ್ತುವುದು ಹೇಗೆಂದು ಕಲಿಯಬೇಕಾದರೆ ಮೊದಲು ಒಂದು ಕುಸಿದ ಮನಸ್ಸು ಬೇಕು. ಅದಕ್ಕಾಗಿ ಇಲಿಗಳಿಗೆ ಸಣ್ಣಪುಟ್ಟ ಕಿರುಕುಳ ಕೊಡುತ್ತೇವೆ. ಹೊಡೆತ ಬಡಿತವಿಲ್ಲ. ಒಂದು ದಿನ ಪಂಜರವನ್ನು ಓರೆಯಾಗಿ ಇಡುವುದು, ಇನ್ನೊಂದು ದಿನ ಹಾಸು ಒದ್ದೆ ಮಾಡುವುದು, ಮತ್ತೊಂದು ದಿನ ಗುರುತು ಪರಿಚಯವಿಲ್ಲದ ಇಲಿಯೊಂದನ್ನು ನೆಂಟನ ಹಾಗೆ ತಂದು ಒಳಗೆ ಬಿಡುವುದು. ಕೆಲವು ವಾರ ಹೀಗೆ ನಡೆದರೆ ಇಲಿ ಸುಮ್ಮನಾಗುತ್ತದೆ. ಎಷ್ಟು ಸುಮ್ಮನಾಗಿದೆ ಎಂದು ಅಳೆಯಲು ಪಂಜರಕ್ಕೆ ಎರಡು ಬಾಟಲಿ ಸಿಕ್ಕಿಸುತ್ತೇವೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ನೆಟ್ಟಗಿರುವ ಇಲಿ ಸಕ್ಕರೆ ನೀರಿಗೆ ಬಾಯಿ ಹಚ್ಚಿದರೆ ಎಳೆದರೂ ಬಿಡುವುದಿಲ್ಲ. ಕುಸಿದ ಇಲಿಗೆ ಎರಡೂ ಒಂದೇ. ಸಿಹಿ ಯಾವುದು ಸಪ್ಪೆ ಯಾವುದು ಎಂದು ವಿಚಾರಿಸುವ ಗೋಜಿಗೇ ಹೋಗುವುದಿಲ್ಲ.

ಹಾಸು ಒದ್ದೆ ಮಾಡಿದ ದಿನ ನನಗೂ ಊಟ ಸೇರುವುದಿಲ್ಲ. "ನಿನಗೂ ಎರಡು ಬಾಟಲಿ ಇಟ್ಟು ನೋಡ್ಬೇಕು ಕಣೋ" ಎನ್ನುತ್ತಾಳೆ ನನ್ನ ಸೀನಿಯರ್. ಇವಳು ನನಗಿಂತ ಎರಡು ವರ್ಷ ಮೊದಲು ಸೇರಿದವಳು. ನೋಡಿದರೆ ನಿನಗೆ ತುಂಬ ಇಷ್ಟವಾಗುತ್ತಾಳೆ, ನನ್ನನ್ನು ಒಂದು ಕ್ಷಣವೂ ಗೌರವಿಸುವುದಿಲ್ಲ.

ಈಗ ನಮ್ಮ ಪ್ರಯೋಗಾಲಯದ ಮಹಾಹಗರಣಕ್ಕೆ ಬರುತ್ತೇನೆ. ಅದರ ಮುಖ್ಯ ಆರೋಪಿ ನೀನು.

ಹೊಸದೊಂದು ಔಷಧಿಯ ಪರೀಕ್ಷೆ ನಡೆಯುತ್ತಿತ್ತು. ಬಾಟಲಿಗಳು ಅದಲುಬದಲಾಗದಿರಲಿ ಎಂದು ಔಷಧಿ ಕುಡಿಯುವ ಇಲಿಗಳನ್ನು ಒಳಕೋಣೆಯಲ್ಲೂ ಕುಡಿಯದವುಗಳನ್ನು ಹೊರಕೋಣೆಯಲ್ಲೂ ಇಟ್ಟಿದ್ದೆವು. ಕಚಗುಳಿ ಎರಡೂ ಕಡೆ ನನ್ನದೇ. ಒಳಕೋಣೆಯವು ಗೆಲುವಾದದ್ದು ನೋಡಬೇಕಿತ್ತು. ಸಕ್ಕರೆ ನೀರು ಖಾಲಿ, ಯಂತ್ರದ ತುಂಬ ನಗು. ನಮ್ಮ ಗೈಡ್ ಮೇಡಂ ಸುಮ್ಮಸುಮ್ಮನೆ ಮುಗುಳ್ನಗುವವರಲ್ಲ. ಅವರೂ ನಕ್ಕು ಪ್ರಬಂಧ ಬರೆಯಲು ಕೂತರು.

ಅಷ್ಟರಲ್ಲಿ ನನ್ನ ಫೋನು ಕೆಟ್ಟು ರಿಪೇರಿಗೆ ಹೋಯಿತು. ಅದೇ ವಾರ ಒಳಕೋಣೆಯ ನಗುವೂ ಇಳಿಯಿತು. ಔಷಧಿ ಅದೇ, ಅಳತೆ ಅದೇ, ಕೈಯೂ ಅದೇ. ಎಲ್ಲರೂ ತಲೆ ಕೆರೆದುಕೊಂಡೆವು. ಸೀನಿಯರ್ ಮಾತ್ರ ಗೋಡೆಯ ಮೂಲೆಯನ್ನೇ ನೋಡುತ್ತಾ, "ಇಲ್ಲಿ ದಿನಾ ನಿನ್ನ ಫೋನು ಬಡ್ಕೊಳ್ತಿತ್ತಲ್ಲ, ಎಲ್ಲಿ ಅದು?" ಎಂದಳು.

ವಿಷಯ ಇಷ್ಟೇ. ಪ್ಲಗ್ ಇರುವುದು ಒಳಕೋಣೆಯಲ್ಲಿ ಮಾತ್ರ. ನನ್ನ ಫೋನೋ, ಚಾರ್ಜಿಗೆ ಹಾಕದಿದ್ದರೆ ಉಸಿರಾಡುವುದಿಲ್ಲ. ಹಾಗಾಗಿ ಅಲ್ಲಿಯ ಇಲಿಗಳನ್ನು ಆಡಿಸುವಾಗ ಮಾತ್ರ, ನಾನು ಹೊಸದಾಗಿ ಇಲ್ಲಿಗೆ ಬಂದಾಗ ನೀನು ಕಳಿಸುತ್ತಿದ್ದ ಮಾತಿನ ತುಣುಕುಗಳನ್ನು ಒಂದಾದ ಮೇಲೊಂದು ಹಾಕಿಕೊಂಡು ಕೇಳುತ್ತಿದ್ದೆ. ಹಾಡು ಕೇಳುವವರಿಲ್ಲವೇ, ಹಾಗೆ.

ಫೋನು ರಿಪೇರಿಯಾಗಿ ಬಂತು. ಮೇಡಂ, ಸೀನಿಯರ್, ನಾನು ಮೂವರೂ ಯಂತ್ರದ ಮುಂದೆ ನಿಂತೆವು. ನಿನ್ನ ದನಿ ಹೊರಟಿತು: "ಲೋ ಗೂಬೆ, ಬಿಳೀದು ಕೆಂಪುದು ಒಟ್ಟಿಗೆ ನೆನೆಹಾಕಿದ್ಯಾ? ಗುಲಾಬಿ ಬನಿಯನ್ ಹಾಕ್ಕೊಂಡು ವಿಜ್ಞಾನಿ ಆಗ್ತೀಯಾ?" ಆಮೇಲೆ ಬೈಗುಳವನ್ನು ಅರ್ಧಕ್ಕೇ ಬಿಟ್ಟು ನೀನೇ ನಕ್ಕಿದ್ದೀಯ. ನನ್ನ ಕೈ ಇನ್ನೂ ಜೇಬಿನಲ್ಲೇ ಇತ್ತು. ಪಂಜರದಲ್ಲಿ ಮಾತ್ರ ಚಿಲಿಪಿಲಿಯೋ ಚಿಲಿಪಿಲಿ.

"ಯಾರಯ್ಯಾ ಇದು?" ಎಂದರು ಮೇಡಂ.

"ನಮ್ಮಕ್ಕ, ಮೇಡಂ."

"ಏನ್ ಹೇಳ್ತಿದ್ದಾರೆ?"

"ಬೈತಿದ್ದಾರೆ ಮೇಡಂ. ಬನಿಯನ್ ವಿಷಯಕ್ಕೆ."

ಮುಂದಿನ ತುಣುಕು ತಾನಾಗಿಯೇ ಶುರುವಾಯಿತು: "ಟೀಗೆ ಸಕ್ಕರೆ ಕಡಿಮೆ ಹಾಕ್ತಿದ್ದೀಯಂತೆ. ಸಪ್ಪೆ ಟೀ ಕುಡಿಯೋನು ಮನುಷ್ಯನೇನೋ? ನನ್ನ ಮುಂದೆ ಯಾರಾದ್ರೂ ಹಾಗೆ ತಂದಿಟ್ರೆ ಲೋಟ ಸಮೇತ ವಾಪಸ್ ಕಳಿಸ್ತೀನಿ." ಇಲಿಗಳು ಇದಕ್ಕೂ ನಕ್ಕವು. ಸೀನಿಯರ್ ಗೋಡೆಯ ಕಡೆ ತಿರುಗಿ ನಿಂತಳು, ಅವಳ ಭುಜ ಮಾತ್ರ ಕುಣಿಯುತ್ತಿತ್ತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಒದ್ದಾಡಿ ಮಾಡಿದ ಔಷಧಿ, ನಿನ್ನ ಗುಲಾಬಿ ಬನಿಯನ್ ಮುಂದೆ ಸೋತುಹೋಯ್ತಲ್ಲಯ್ಯಾ" ಎಂದರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. "ಔಷಧಿ ಏನೂ ಮಾಡಿಲ್ಲ ಅಂತಲ್ಲ. ಔಷಧಿ ಎಷ್ಟು, ನಿನ್ನಕ್ಕ ಎಷ್ಟು ಅಂತ ಗೊತ್ತಾಗ್ಬೇಕು. ಮೊದಲಿಂದ ಮಾಡು" ಎಂದರು. ಹೊಸ ಇಲಿಗಳು ಬಂದಿವೆ. ಎರಡೂ ಕೋಣೆಗೆ ಫೋನು ನಿಷಿದ್ಧ. ಬಾಗಿಲಿಗೆ ಸೀನಿಯರ್ ಒಂದು ಚೀಟಿಯನ್ನೇ ಅಂಟಿಸಿದ್ದಾಳೆ: "ಅಕ್ಕಂದಿರಿಗೆ ಪ್ರವೇಶವಿಲ್ಲ."

ಹಳೆಯ ಇಲಿಗಳು ಮಾತ್ರ ಇದನ್ನು ಇನ್ನೂ ನಂಬಿಲ್ಲ. ನಾನು ಒಳಗೆ ಹೋದೊಡನೆ ಪಂಜರದ ಆ ಮೂಲೆಗೆ ಬಂದು, ಹಿಂಗಾಲ ಮೇಲೆ ನಿಂತು, ಪ್ಲಗ್ಗಿನ ಕಡೆ ಕಿವಿ ಮಾಡುತ್ತವೆ. ಸ್ವಲ್ಪ ಹೊತ್ತು ಕಾಯುತ್ತವೆ. ಆಮೇಲೆ ನನ್ನ ಮುಖ ನೋಡುತ್ತವೆ. ಇದು ಅಭ್ಯಾಸಬಲ, ಅಷ್ಟೇ, ಇದಕ್ಕೆ ಬೇರೆ ಅರ್ಥ ಹಚ್ಚಬಾರದು ಎಂದು ಪುಸ್ತಕದಲ್ಲಿದೆ. ನಾನು ಹಚ್ಚುವುದಿಲ್ಲ. ಆದರೆ ಅವುಗಳ ಮುಖ ನೋಡಲಾಗದೆ ನಾನೂ ಪ್ಲಗ್ಗನ್ನೇ ನೋಡುತ್ತಾ ನಿಲ್ಲುತ್ತೇನೆ.

ಮೇಡಂ ಈಗ ನಿನ್ನ ದನಿಯನ್ನೇ ಬೇರೆಯಾಗಿ, ಕ್ರಮವಾಗಿ ಪರೀಕ್ಷಿಸಬೇಕು ಎನ್ನುತ್ತಿದ್ದಾರೆ. ಇದು ವಿಜ್ಞಾನದ ಇತಿಹಾಸದಲ್ಲಿ ಬೈಗುಳಕ್ಕೆ ಸಿಗುತ್ತಿರುವ ಮೊದಲ ಮರ್ಯಾದೆ ಇರಬೇಕು. "ಹಳೇದು ಸಾಲದು, ಹೊಸದಾಗಿ ಸ್ವಲ್ಪ ಮಾತಾಡಿ ಕಳಿಸ್ತಾರಾ ಕೇಳು" ಎಂದರು. ಅಕ್ಕನಿಗೆ ಪುರುಸೊತ್ತಿಲ್ಲ ಮೇಡಂ, ಆದರೂ ಕೇಳ್ತೀನಿ ಎಂದೆ. ಕೇಳಿದ್ದೇನೆ. ಇವತ್ತೇ ಆಗಬೇಕೆಂದಿಲ್ಲ. ಇಲಿಗಳು ಕಾಯುತ್ತವೆ.

ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆಂದು ಭಾವ ಹೇಳಿದರು. ದಯವಿಟ್ಟು ನಡುವೆ ಬಿಡಬೇಡ ಅಕ್ಕಾ. ಈ ಮಾತ್ರೆಗಳಿಗೆ ಕೆಲಸ ಶುರುಮಾಡಲು ವಾರಗಟ್ಟಲೆ ಬೇಕು, ನಾನು ಸ್ನಾನಕ್ಕೆ ಹೊರಡುತ್ತಿದ್ದೆನಲ್ಲ, ಆ ಜಾತಿಯವು. ತಡವಾದರೂ ಬರುತ್ತವೆ. ಇದನ್ನು ಹೇಳುತ್ತಿರುವುದು ತಮ್ಮನಲ್ಲ, ಇಲಿಗಳ ಕುಲಗುರು.

ನಿಮ್ಮ ಅತ್ತೆಗೆ ನಮಸ್ಕಾರ, ಅವರ ಮಂಡಿಗೆ ವಿಶೇಷ ನಮಸ್ಕಾರ. ಭಾವನಿಗೆ ಹೇಳು, ಇನ್ನೆರಡು ಶಬ್ದ ಹೆಚ್ಚಿಗೆ ಆಡಿದರೆ ಬಾಯಿ ಸವೆಯುವುದಿಲ್ಲ. ಚಿಕ್ಕವನು ದೊಡ್ಡವಳನ್ನು ಹರಸುವ ಹಾಗಿಲ್ಲ. ಆದರೂ ಈ ಕಾಗದದ ಮೂಲಕ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದೇನೆ. ಕೋಪ ಬಂದರೆ ತಳ್ಳು.

ಇಂತು ನಿನ್ನ,
ಗೂಬೆ

ಮತ್ತೆ: ಬರೆಯಬಾರದು ಅಂದುಕೊಂಡಿದ್ದೆ. ಹೋದ ವಾರ ಭಾವ ನಿನಗೆ ಟೀ ಮಾಡಿಕೊಟ್ಟು, ತಮ್ಮ ಲೋಟ ಬಾಯಿಗಿಟ್ಟ ಮೇಲೆ ಸಕ್ಕರೆ ಹಾಕಿಲ್ಲವೆಂದು ಗೊತ್ತಾಗಿ ಓಡಿ ಬಂದರಂತೆ. ಅಷ್ಟರಲ್ಲಿ ನೀನು ಪೂರ್ತಿ ಕುಡಿದು ಲೋಟ ಕೆಳಗಿಟ್ಟಿದ್ದೆಯಂತೆ. "ಪಾಪ, ಒಂದು ಮಾತೂ ಅನ್ಲಿಲ್ಲ ನೋಡು" ಎಂದು ಭಾವ ಸಮಾಧಾನದಿಂದ ಹೇಳಿದರು. ನಾನು ಹ್ಞೂಂ ಎಂದೆ. ಬೆಳಗಿನಿಂದ ಸಂಜೆಯವರೆಗೆ ಎರಡು ಬಾಟಲಿ ನೋಡುವ ಕೆಲಸದವನು ನಾನು, ಇನ್ನೇನು ಹೇಳಲಿ ಅವರಿಗೆ? ಅವರು ಇನ್ನೊಂದು ಸಲ ಮರೆಯುತ್ತಾರೆ, ಅವರ ಸ್ವಭಾವವೇ ಅದು. ಆವತ್ತು ಆ ಲೋಟ ವಾಪಸ್ ಕಳಿಸು ಅಕ್ಕಾ. ಫೋನು ಬೇಡ, ನನ್ನ ಹತ್ತಿರ ಮಾತೂ ಬೇಡ. ನೀನು ಟೀ ಸಪ್ಪೆ ಎಂದೆ ಅಂತ ಭಾವ ನನ್ನ ಹತ್ತಿರ ದೂರು ಹೇಳಿದರೆ ಸಾಕು.