ಅಗೆದ ಮಣ್ಣು ತುಳಿಯಬೇಡಿ

ಅಪ್ಪಾ,

ಹಿತ್ತಲಲ್ಲಿ ಮಣ್ಣು ಅಗೆದು ಸಡಿಲ ಮಾಡಿದ್ದು ನಾನೇ, ಹೆಗ್ಗಣ ಅಲ್ಲ. ದಯವಿಟ್ಟು ತುಳಿದು ಸಮ ಮಾಡೋಕೆ ಹೋಗಬೇಡಿ.

ಜೀವಮಾನವೆಲ್ಲ ರೋಡ್ ರೋಲರ್ ಓಡಿಸಿದವರು ನೀವು. ಸಡಿಲ ಮಣ್ಣು ಕಂಡರೆ ನಿಮ್ಮ ಕಾಲು ಸುಮ್ಮನಿರಲ್ಲ, ಗೊತ್ತು. ಆದರೆ ನೀವು ತುಳಿದು ತುಳಿದು ಗಟ್ಟಿ ಮಾಡಿದ ನೆಲ ಮೊನ್ನೆ ಒಂದು ಹನಿನೂ ಕುಡಿಯಲಿಲ್ಲ. ಮಳೆನೀರೆಲ್ಲ ಸೀದಾ ಅಜ್ಜಿ ಮಂಚದ ಕೆಳಗೆ ಬಂತು. ರಸ್ತೆಗೆ ಅದು ಸರಿ, ಹಿತ್ತಲಿಗಲ್ಲ.

ಮತ್ತೆ ಮೋಡ ಕಟ್ಟಿದೆ. ಬಾಗಿಲ ಹತ್ತಿರ ಒಣಗಿದ ಎಲೆ ಮೂಟೆ ಇದೆ, ಮಳೆ ಹೊಡೆತಕ್ಕೆ ಮಣ್ಣು ಮತ್ತೆ ಗಟ್ಟಿಯಾಗದ ಹಾಗೆ ಅಗೆದ ಜಾಗಕ್ಕೆ ಹರಡಿ. ಅಂಚಲ್ಲೇ ನಿಂತು.

ಊಟ ಮುಚ್ಚಿಟ್ಟಿದ್ದೀನಿ. ಮಳೆ ಬಂದರೆ ಅಜ್ಜಿ ಜೊತೆ ಕಿಟಕಿ ಹತ್ತಿರ ಕೂತು, ನೀರು ಹೇಗೆ ಇಂಗುತ್ತೆ ನೋಡಿ.

ನಿಮ್ಮ ಬೂಟು ಹುಡುಕಬೇಡಿ. ಅವು ಇವತ್ತು ನನ್ನ ಜೊತೆ ಕೆಲಸಕ್ಕೆ ಹೊರಟಿವೆ.