ಅಳತೆ ಮೇವು

ಫೆಬ್ರವರಿ 9, ಬೆಳಿಗ್ಗೆ

ಹಾಲು ಕರೆದಾಯಿತು. ಇವತ್ತೂ ಕಡಿಮೆ. ಅಪ್ಪ ಕ್ಯಾನ್ ಅಲ್ಲಾಡಿಸಿ ನೋಡಿ ಕೆಳಗಿಟ್ಟರು. ಬೈದಿದ್ದರೆ ವಾಸಿಯಿತ್ತು.

ನಿಯಮ ನಾನೇ ತಂದದ್ದು — ಮನುಷ್ಯರು ತಿನ್ನುವ ಕಾಳು ಹಸುಗಳಿಗಿಲ್ಲ. ಅವಕ್ಕೆ ಹುಲ್ಲು, ಬೇಳೆ ಒಡೆದಾಗ ಉಳಿದ ಹೊಟ್ಟು. ಸಗಣಿ ಹೊಲಕ್ಕೆ. ಕೆಳಗಿನ ಹೊಲದಲ್ಲಿ ಮೊದಲು ಹಸುಗಳಿಗೆಂದೇ ಮೆಕ್ಕೆಜೋಳ ಬೆಳೆಯುತ್ತಿದ್ದೆವು. ಈಗ ಅಲ್ಲಿ ಹೆಸರು, ಅಲಸಂದೆ — ಜನ ತಿನ್ನುವುದು. ನೆಲ ಎಷ್ಟನ್ನು ಸಾಕುತ್ತದೋ ಅಷ್ಟೇ ಹಸು. ಹಾಲು ಇಳಿಯುತ್ತದೆ ಎಂದು ಗೊತ್ತಿತ್ತು, ಒಪ್ಪಿಕೊಂಡಿದ್ದೇನೆ. ಅಪ್ಪ ಒಪ್ಪಿಲ್ಲ. ಹೊಲ ಇನ್ನೂ ಅವರದ್ದೇ. ಒಂದು ವರ್ಷ ನೋಡೋಣ ಅಂದಿದ್ದಾರೆ, ಅಷ್ಟೆ.

ಫೆಬ್ರವರಿ 14

ಅಪ್ಪನಿಗೆ ಶುಗರ್ ಏರಿದೆ. ಅನ್ನ ಅಳೆದು ಬಡಿಸಿದೆ.

"ನನಗೂ ಅಳತೆ, ಅವಕ್ಕೂ ಅಳತೆ. ಈ ಮನೇಲಿ ಹೊಟ್ಟೆ ತುಂಬ ತಿನ್ನೋದು ಇಲಿಗಳು ಮಾತ್ರ."

ನಕ್ಕೆ. ಅವರು ನಗಲಿಲ್ಲ.

"ಯಜಮಾನಿ ಪಕ್ಕೆಲುಬು ನೋಡಿದ್ಯಾ?"

ಯಜಮಾನಿ — ಕೊಟ್ಟಿಗೆಯ ಹಿರಿಯ ಹಸು. ಹುಟ್ಟುತ್ತಲೇ ತಾಯಿ ಸತ್ತಿತ್ತು, ಅಪ್ಪನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ನನಗೆ ತಂಗಿ ಇದ್ದ ಹಾಗೆ. ಅವಳಿಗೆ ಸಿಕ್ಕ ಮುದ್ದು ನನಗೆ ಸಿಕ್ಕಿಲ್ಲ, ಆ ಹೊಟ್ಟೆಕಿಚ್ಚು ಇನ್ನೂ ಇದೆ.

ಫೆಬ್ರವರಿ 23, ಬೆಳಿಗ್ಗೆ

ಯಜಮಾನಿ ಏಳುತ್ತಿಲ್ಲ. ಹೊಟ್ಟೆ ಬಿಗಿದಿದೆ. ಮೆಲುಕು ನಿಂತಿದೆ. ಸಗಣಿ ನೀರು ನೀರು, ಹುಳಿ ವಾಸನೆ — ತುಂಬ ಮೆಕ್ಕೆಜೋಳದ ಕಾಳು.

ಹಿಂದಿನ ಬೆಳೆಯ ಕೊನೆಯ ಮೂಟೆ ಸ್ಟೋರ್ ರೂಮಿನಲ್ಲಿತ್ತು. ಹೋಗಿ ನೋಡಿದೆ. ಹೊಲಿಗೆ ಯಾರೋ ಬಿಚ್ಚಿದ್ದರು. ಬೀಗದ ಕೈ ಇರುವುದು ನನ್ನ ಹತ್ತಿರ, ಬಿಟ್ಟರೆ ಅಪ್ಪನ ಹತ್ತಿರ.

ದನದ ಡಾಕ್ಟರಿಗೆ ಫೋನ್ ಮಾಡಿದೆ.

ಅದೇ ದಿನ, ಸಂಜೆ

ಹೋದಳು.

ಡಾಕ್ಟರ್ ಸೋಡಾ ಪುಡಿ ಕದಡಿ ಕುಡಿಸಿದರು, ಡ್ರಿಪ್ ಹಾಕಿದರು. ಆಮೇಲೆ ನನ್ನನ್ನು ಆಚೆ ಕರೆದು, "ಹುಲ್ಲಿಗೆ ಒಗ್ಗಿದ ಹೊಟ್ಟೆ ಕಣಮ್ಮ. ಒಂದೇ ಸಲ ಬುಟ್ಟಿ ತುಂಬ ಕಾಳು ಬಿದ್ರೆ ಒಳಗೆಲ್ಲ ಹುಳಿಯಾಗಿಬಿಡುತ್ತೆ. ಯಾರು ಹಾಕಿದ್ದು?"

"ಗೊತ್ತಿಲ್ಲ" ಅಂದೆ.

ಒಳಗೆ ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೆಕ್ಕೆಜೋಳ ತಿಂದೇ ಬೆಳೆದವಳು ಅವಳು, ಆಗ ಏನೂ ಆಗುತ್ತಿರಲಿಲ್ಲ. ಈಗ ಆಗುತ್ತದೆ ಎಂದು ಅಪ್ಪನಿಗೆ ಹೇಗೆ ಗೊತ್ತಿರಬೇಕು? ಸಗಣಿಯನ್ನು ಅವರ ಕಣ್ಣಿಗೆ ಬೀಳುವ ಮೊದಲೇ ಬಾಚಿ ಗುಂಡಿಗೆ ಹಾಕಿದ್ದೆ. ಮೂಟೆಯನ್ನು ಮಾತ್ರ ಇದ್ದ ಹಾಗೇ ಬಿಟ್ಟೆ. ತೆಗೆದರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ.

ಫೆಬ್ರವರಿ 24

"ಹುಲ್ಲು ಹಾಕಿ ಹಾಕಿ ಕೊಂದೆ ನೀನು ಅವಳನ್ನ."

ಅವಳ ಹಗ್ಗ ಸುತ್ತಿಡುತ್ತಾ ಅಪ್ಪ, "ಮಳೆ ಬಿದ್ದ ಮೇಲೆ ಕೆಳಗಿನ ಹೊಲಕ್ಕೆ ಜೋಳ."

ನಿಜ ಹೇಳಿದರೆ ಹೊಲ ಹೆಸರು, ಅಲಸಂದೆಗೇ ಉಳಿಯುತ್ತದೆ. ಒಂದೇ ಮಾತು... ನಾಲಿಗೆ ತುದಿಗೆ ಬಂದಿತ್ತು. ಆದರೆ ಅದನ್ನು ಕೇಳಿದ ಮೇಲೆ ಅಪ್ಪ ಹೇಗೆ ಬದುಕುತ್ತಾರೆ? ಕೈಯಾರೆ ಸಾಕಿದವಳು. ನುಂಗಿಕೊಂಡೆ. ಹೊಲ ಹೋದರೆ ಹೋಗಲಿ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 28

ಅಪ್ಪ ಹೊತ್ತೆಲ್ಲ ಕೊಟ್ಟಿಗೆಯಲ್ಲೇ. ಸಂಜೆಯ ಮೇವು ತಾವೇ ಹಾಕುತ್ತೇನೆ ಅಂದರು. ಸಮಾಧಾನವಾಯಿತು — ದುಃಖ ಕೆಲಸದಲ್ಲಿ ಸ್ವಲ್ಪ ಇಳಿಯಲಿ.

ಮಾರ್ಚ್ 1, ಬೆಳಿಗ್ಗೆ, ಕೊಟ್ಟಿಗೆ

ಡಾಕ್ಟರ್ ದಾರಿಯಲ್ಲಿದ್ದಾರೆ. ಸುಮ್ಮನೆ ಕೂರಲಾರೆ, ಬರೆಯುತ್ತಿದ್ದೇನೆ.

ಚುಕ್ಕಿ ಹಸು ಎದ್ದಿಲ್ಲ. ಬೂದಿಯೂ. ಉಳಿದವು ನಿಂತಿವೆ, ಮೆಲುಕಿಲ್ಲ. ಅಪ್ಪನೇ ಬಂದು ಕರೆದರು.

"ನಿನ್ನೆ ಸಂಜೆ ಎಲ್ಲಕ್ಕೂ ಜೋಳ ಹಾಕ್ದೆ. ಹೊಟ್ಟೆ ತುಂಬ. ಅವಳ ಹಾಗೆ ಇವೂ ಹಸಿದು ಸಾಯಬಾರದು ಅಂತ."

ಓಡಿ ಹೋಗಿ ಸೋಡಾ ಕದಡಿದೆ. ಒಂದೊಂದಕ್ಕೂ ಬಾಯಿ ಹಿಡಿದು ಕುಡಿಸಿದೆ. ಅಪ್ಪ ಬಾಟಲಿ ನೋಡಿದರು, ನನ್ನನ್ನು ನೋಡಿದರು.

"ಜೋಳ ಅಂದ ಕೂಡ್ಲೆ ಅವಳಿಗೆ ಕೊಟ್ಟ ಸೋಡಾನೇ ಕದಡಿದ್ಯಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಬೂದಿಯ ಬಾಯಿ ಒರೆಸಿದೆ.

"ಅವಳು ಹೋದಾಗಲೇ ಗೊತ್ತಿತ್ತಾ? ಗೊತ್ತಿದ್ದೂ ನನಗೆ ಹೇಳಲಿಲ್ವಾ?"

ಅವರು ಗೋದಲಿಯ ಪಕ್ಕ ಕುಕ್ಕರಿಸಿ, ಉಳಿದ ಕಾಳನ್ನು ಬೆರಳಿನಿಂದ ಒಂದೊಂದಾಗಿ ಆರಿಸುತ್ತಿದ್ದಾರೆ. ಬೂದಿ ಕಾಲು ಝಾಡಿಸುತ್ತಿದೆ. ಅಪ್ಪ ಕರೆಯುತ್ತಿದ್ದಾರೆ, ಹೋಗಬೇಕು.