ಅಮ್ಮ ಇಲ್ಲ

ನಮ್ಮ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದ. ಸೊಂಟನೋವು ಹೇಗಿದೆ? ಹಾಸಿಗೆ ಹಿಡಿದ ಆ ಮುದುಕಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಗಟ್ಟಿಮುಟ್ಟಾದ ಇಬ್ಬರು ಮಕ್ಕಳಿದ್ದಾರಲ್ಲ ನೀನು ಕೆಲಸಕ್ಕಿರುವ ಆ ಮನೆಯಲ್ಲಿ, ಹೆತ್ತವಳನ್ನು ಎತ್ತಿದರೆ ಅವರ ಕೈಯೇನೂ ಉದುರಿ ಬೀಳುವುದಿಲ್ಲ. ಈಗಲೂ ಲೋಟ ಎಸೆಯುತ್ತಾಳಾ ಅವಳು? ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಶಾಪ ಹಾಕುತ್ತದೆ. ನೀನು ಕಳಿಸಿದ ಸ್ವೆಟರ್ ಬಂತು. ನನಗೆ ಕುತ್ತಿಗೆ ಬಿಗಿ, ಆದರೂ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತೇನೆ.

ಫೋನಿನಲ್ಲಿ ಹೇಳುವುದು ಬಿಟ್ಟು ಇವನು ಯಾಕೆ ಕಾಗದ ಬರೆಯುತ್ತಿದ್ದಾನೆ ಅಂದುಕೊಳ್ಳುತ್ತೀಯ. ಇರುವುದು ಒಂದೇ ಕೋಣೆ. ನಮ್ಮ ಪಿಟೀಲಿನ ಕಿವಿ ನಿನಗೆ ಗೊತ್ತಲ್ಲ. ಹುಟ್ಟಿದಾಗ ರಾತ್ರಿಯಿಡೀ ಪಿಟೀಲು ಕುಯ್ಯುತ್ತಿದ್ದ ನಿನ್ನ ಮಗಳದು ಈಗ ಮಾತೇ ಕಡಿಮೆ, ಬರೀ ಕೇಳಿಸಿಕೊಳ್ಳುತ್ತಾಳೆ. ಎದುರುಮನೆ ಹುಡುಗಿಯರ ಜೊತೆ ಕೆಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ಮೂರು ಭಾನುವಾರದಿಂದ ಅವಳು ಫೋನಿಗೆ ಯಾಕೆ ಬರುತ್ತಿಲ್ಲ ಅಂತ ಕೇಳಿದೆಯಲ್ಲ, ನಿದ್ದೆ, ಜ್ವರ, ಆಟ ಅಂತ ನಾನು ಹೇಳಿದ್ದೆಲ್ಲ ಬುರುಡೆ. ನಿಜ ಇಲ್ಲಿದೆ. ಕೂತುಕೊಂಡು ಓದು.

ಸಂಜೆ ಶಾಲೆ ಹೇಗೆ ಸಿಕ್ಕಿತು ಅಂತ ನಿನಗೆ ಗೊತ್ತು. ನೀನು ಹೋದ ಮೇಲೆ ಶಾಲೆ ಬಿಟ್ಟ ಮಗು ಎಲ್ಲಿರಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಮಾರುಕಟ್ಟೆಯ ಗಾಡಿ ನಿಲ್ಲಿಸುವ ಜಾಗದಲ್ಲಿ ನನ್ನ ಕಾವಲು ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಕೆಲವು ದಿನ ನನ್ನ ಸ್ಟೂಲಿನ ಪಕ್ಕದಲ್ಲೇ, ಹೊಗೆಯಲ್ಲಿ ಕೂತು ಪಾಠ ಬರೆದಳು. ಆಗಲೇ, ಮುಚ್ಚಿಹೋಗಿದ್ದ ಕುರ್ಚಿ ಮೇಜಿನ ಅಂಗಡಿಯಲ್ಲಿ ಈ ಸಂಸ್ಥೆಯವರು ತರಗತಿ ಶುರು ಮಾಡಿದ್ದು. ಕಾಸಿಲ್ಲ, ಕರಾರಿಲ್ಲ, ನಮ್ಮಂಥ ಬೀದಿಯ ಮಕ್ಕಳಿಗೇ ಅಂತ ಮಾಡಿದ್ದು. ಬಣ್ಣ ಬಳಿದ ಗೋಡೆ, ಒಳ್ಳೇ ದೀಪ, ಒಂದು ಲೋಟ ಹಾಲು, ಲೆಕ್ಕ ಹೇಳಿಕೊಡಲು ಕಾಲೇಜು ಮುಗಿಸಿದ ಒಬ್ಬ ಹುಡುಗಿ. ಮಕ್ಕಳು ಅವಳನ್ನು ಅಕ್ಕ ಅನ್ನುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ, ಆ ಅಕ್ಕನಿಂದಲೇ ಪಿಟೀಲು ಓದಲು ಕಲಿತಿದ್ದು. ಪೇಪರನ್ನು ನನಗಿಂತ ಬೇಗ ಓದುತ್ತಾಳೆ, ನಾನು ತಡವರಿಸಿದರೆ ‘ಮುಂದೆ ಹೋಗಿ ಅಜ್ಜ, ಮುಂದೆ ಹೋಗಿ’ ಅಂತ ನನ್ನ ಕಂಡಕ್ಟರ್ ಕಾಲದ ಮಾತನ್ನೇ ನನಗೆ ತಿರುಗಿಸುತ್ತಾಳೆ. ಸಿಕ್ಕಸಿಕ್ಕವರ ಹತ್ತಿರವೆಲ್ಲ ಆ ಶಾಲೆಯನ್ನು ಹೊಗಳಿದವನು ನಾನು.

ಹೋದ ತಿಂಗಳು ನನ್ನ ಸ್ಟೂಲಿನ ಎದುರು ಗೋಡೆಗೆ ದೊಡ್ಡದೊಂದು ಪೋಸ್ಟರ್ ಅಂಟಿಸಿದರು. ನೋಡಿದರೆ ನಮ್ಮ ಪಿಟೀಲು. ಎರಡು ಜಡೆ, ಹಾಲಿನ ಲೋಟ, ದೊಡ್ಡ ಕಣ್ಣು. ನನಗೆ ಎಂಥ ಹೆಮ್ಮೆ ಅಂತೀಯ, ಗಾಡಿ ನಿಲ್ಲಿಸಲು ಬಂದವರನ್ನೆಲ್ಲ ಹಿಡಿದು ‘ನನ್ನ ಮೊಮ್ಮಗಳು’ ಅಂತ ತೋರಿಸಿದೆ. ಕನ್ನಡಕ ಮನೆಯಲ್ಲಿತ್ತು. ಮಾರನೇ ದಿನ ಹಾಕಿಕೊಂಡು ಹೋದಾಗ ಕೆಳಗಿನ ಅಕ್ಷರ ಕಾಣಿಸಿತು. ‘ತಾಯಿಯನ್ನು ಕಳೆದುಕೊಂಡ ಈ ಕಂದನಿಗೆ ನೀವು ತಾಯಿಯಾಗುವಿರಾ?’ ಅಂತ. ಹಿಂದಿನ ದಿನ ನಾನು ಕರೆದು ತೋರಿಸಿದ್ದವರೆಲ್ಲ ನನ್ನ ಮುಖ ನೋಡಿ ಯಾಕೆ ಸುಮ್ಮನಾಗಿದ್ದರು ಅಂತ ಆಗ ಗೊತ್ತಾಯಿತು.

ಮನೆಗೆ ಬಂದು ಮಗುವನ್ನು ಕೇಳಿದೆ. ಗದರಿಸಲಿಲ್ಲ, ನಿನ್ನಾಣೆ. ಮೊದಲ ದಿನ ಅಕ್ಕ ಎಲ್ಲರನ್ನೂ ‘ಮನೇಲಿ ಯಾರ್ಯಾರಿದ್ದಾರೆ’ ಅಂತ ಕೇಳಿದಳಂತೆ. ಇವಳು ‘ಅಜ್ಜ ಇದ್ದಾರೆ. ಅಮ್ಮ ಇಲ್ಲ’ ಅಂದಳಂತೆ. ಅಷ್ಟೇ. ತಪ್ಪೇನಿದೆ ಹೇಳು? ನೀನು ಮನೆಯಲ್ಲಿ ಇಲ್ಲ. ಅಕ್ಕ ಇನ್ನೊಂದು ಅರ್ಥ ತಗೊಂಡು ಕಣ್ಣಲ್ಲಿ ನೀರು ತಂದುಕೊಂಡು ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನೀನು ಹೋದ ಮೇಲೆ ಈ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಯಾರೂ ಇರಲಿಲ್ಲ ಮಗಳೇ, ನನ್ನ ಮಂಡಿಗೆ ಆ ಶಕ್ತಿ ಇಲ್ಲ. ಸಿಕ್ಕಿದ ತೊಡೆಯನ್ನು ಯಾವ ಮಗು ತಾನಾಗಿ ಇಳಿಯುತ್ತದೆ? ‘ಅಲ್ಲ ಅಂತ ಹೇಳೋಣ ಅಂತಿದ್ದೆ ಅಜ್ಜ, ಆಮೇಲೆ ಹೇಳೋಕೆ ಭಯ ಆಯ್ತು’ ಅಂದಳು.

ಮಾರನೇ ದಿನವೇ ಅಲ್ಲಿಯ ಮೇಡಂ ಹತ್ತಿರ ಹೋದೆ. ಸಂಸ್ಥೆ ಕಟ್ಟಿದವರು ಅವರೇ, ಮಾತು ಬೆಣ್ಣೆ. ನನ್ನನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡು, ‘ದೂರ ಇರೋದೂ ಒಂಥರಾ ಕಳಕೊಂಡ ಹಾಗೇ ಅಲ್ವಾ ಅಜ್ಜ’ ಅಂದರು. ನನಗೆ ಮೈ ಉರಿಯಿತು. ವಾರ್ಷಿಕೋತ್ಸವಕ್ಕೆ ದಾನ ಕೊಡುವವರು ಬರುತ್ತಾರೆ, ಈಗ ಗಲಾಟೆ ಆದರೆ ಶಾಲೆಯೇ ಮುಚ್ಚಬೇಕಾಗುತ್ತದೆ, ಅದು ಮುಗಿದ ಮಾರನೇ ದಿನ ಪೋಸ್ಟರ್ ತೆಗೆಸುತ್ತೇನೆ, ಮಗುವನ್ನು ವೇದಿಕೆಗೆ ಹತ್ತಿಸುವುದಿಲ್ಲ ಅಂತ ಮಾತು ಕೊಟ್ಟರು. ಉಳಿದ ಮಕ್ಕಳ ಮುಖ ನೋಡಿ ಒಪ್ಪಿ ಬಂದೆ. ಅಷ್ಟು ವರ್ಷ ಬಸ್ಸಿನಲ್ಲಿ ಎಂಥೆಂಥ ಟೋಪಿ ಹಾಕುವವರನ್ನೋ ಹಿಡಿದಿದ್ದೆ, ಈ ಟೋಪಿ ನನಗೆ ಸರಿಯಾಗಿ ಕೂತಿತು.

ಸಮಾರಂಭಕ್ಕೆ ಒಗೆದ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹಾಡು ಆಯಿತು, ಭಾಷಣ ಆಯಿತು. ಆಮೇಲೆ ದೀಪ ಕಡಿಮೆ ಮಾಡಿ ಒಬ್ಬಳೇ ಹುಡುಗಿಯನ್ನು ನಡುವೆ ನಿಲ್ಲಿಸಿದರು. ಪಿಟೀಲು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. ‘ನನ್ನ ಅಮ್ಮ ಈಗ ನಕ್ಷತ್ರ. ನಾನು ಓದುವುದನ್ನು ಅವಳು ಮೇಲಿಂದ ನೋಡುತ್ತಾಳೆ.’ ನಾನು ಎದ್ದು ನಿಂತೆ. ನನ್ನ ಗಂಟಲಿಗೆ ಮೈಕು ಬೇಡ ಅಂತ ನಿನಗೆ ಗೊತ್ತು. ‘ಅವಳ ಅಮ್ಮ ಬದುಕಿದ್ದಾಳೆ. ನನ್ನ ಮಗಳು. ಮೊನ್ನೆ ಭಾನುವಾರ ನನ್ನ ಹತ್ತಿರ ಮಾತಾಡಿದ್ದಾಳೆ’ ಅಂದೆ. ಇಡೀ ಸಭೆ ತಿರುಗಿ ನೋಡಿತು. ಆ ಮೇಡಂ ಒಂದು ಗಳಿಗೆಯೂ ತಡವರಿಸಲಿಲ್ಲ. ಮೈಕಿನಲ್ಲಿ ದನಿ ತಗ್ಗಿಸಿ, ‘ಇವರು ಮಗುವಿನ ಅಜ್ಜ. ಮಗಳು ಹೋದದ್ದನ್ನ ಪಾಪ ಇನ್ನೂ ಒಪ್ಪಿಕೊಳ್ಳೋಕೆ ಆಗಿಲ್ಲ. ಇವತ್ತಿಗೂ ಅವಳ ಜೊತೆ ಮಾತಾಡ್ತಾರೆ’ ಅಂದರು.

ಜನ ಕಣ್ಣೊರೆಸಿಕೊಂಡರು, ಮಗಳೇ. ಪಕ್ಕದಲ್ಲಿದ್ದ ಹೆಂಗಸು ನನ್ನ ಎರಡೂ ಕೈ ಹಿಡಿದು ‘ಧೈರ್ಯ ತಂದ್ಕೊಳ್ಳಿ’ ಅಂದಳು. ಜೋರಾಗಿ ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ಹೆಚ್ಚು ಹುಚ್ಚನಾದೆ. ಕೊನೆಗೆ ವೇದಿಕೆಯ ಕಡೆ ನೋಡಿ, ‘ನೀನೇ ಹೇಳವ್ವ’ ಅಂದೆ. ಅವಳು ನನ್ನನ್ನು ನೋಡಿದಳು. ಆಮೇಲೆ ಮುಂದಿನ ಸಾಲು ಒಪ್ಪಿಸಿದಳು. ಅಂಥ ಚಪ್ಪಾಳೆ ನಾನು ಎಲ್ಲೂ ಕೇಳಿಲ್ಲ.

ಮಾರನೇ ದಿನ ಅಕ್ಕ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಸಾಲುಗಳನ್ನು ಬರೆದವಳು ಅವಳೇ. ಬರೆಯುವಾಗ ನಿಜ ಅಂದುಕೊಂಡೇ ಬರೆದಳಂತೆ, ನಾನು ಎದ್ದು ನಿಂತಾಗಲೇ ಅವಳಿಗೆ ಗೊತ್ತಾಗಿದ್ದು. ‘ಆಗಲೇ ಯಾಕೆ ಬಾಯಿ ಬಿಡಲಿಲ್ಲ’ ಅಂತ ಕೇಳಿದೆ. ‘ಕೆಲಸ ಹೋಗ್ತಿತ್ತು ಅಜ್ಜ’ ಅಂದಳು. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಆ ಸಮಾರಂಭದ ದಿನದಿಂದಲೇ ಪಿಟೀಲು ನಿನ್ನ ಫೋನಿಗೆ ಬರುತ್ತಿಲ್ಲ. ಪೋಸ್ಟರ್ ಇನ್ನೂ ಅಲ್ಲೇ ಇದೆ. ಯಾರೋ ಪುಣ್ಯಾತ್ಮರು ಇವಳನ್ನು ಹಾಸ್ಟೆಲ್ ಇರುವ ದೊಡ್ಡ ಶಾಲೆಗೆ ಸೇರಿಸಿ ಕೊನೆತನಕ ಓದಿಸುತ್ತಾರಂತೆ. ತಾಯಿ ಸತ್ತ ಮಗು ಅಂತ. ಹೇಳಿ ಕಳಿಸಿದ್ದಾರೆ, ನಾನು ಹ್ಞೂಂ ಅಂದಿಲ್ಲ, ಊಹೂಂ ಅನ್ನಲು ನಾಲಿಗೆ ಏಳಲಿಲ್ಲ. ನಾನು ಎಷ್ಟು ದಿನದವನು? ಇಷ್ಟೆಲ್ಲ ಆದ ಮೇಲೂ ಸಂಜೆ ಕೆಲಸದ ನಡುವೆಯೇ ಅವಳನ್ನು ಅಲ್ಲಿಗೇ ಬಿಟ್ಟು ಬರುತ್ತೇನೆ. ಬೇರೆ ಜಾಗ ಎಲ್ಲಿದೆ? ಬಾಗಿಲಲ್ಲಿ ಮೇಡಂ ‘ಆರಾಮಾ ಅಜ್ಜ’ ಅನ್ನುತ್ತಾರೆ. ತಲೆ ಆಡಿಸುತ್ತೇನೆ.

ನೀನು ಊಟ ಬಿಡಬೇಡ. ಇದನ್ನು ಓದಿ ಆ ಮುದುಕಿಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡ, ಅವಳೂ ಯಾರದೋ ಅಮ್ಮ. ನೂರು ಕಾಲ ಬಾಳು ಅಂತ ಹರಸುತ್ತೇನೆ. ಈ ಸಲ ಆ ಮಾತಿಗೆ ತೂಕ ಜಾಸ್ತಿ ಇದೆ, ತಗೋ.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಪಿಟೀಲು ಮೇಲೆ ಬಂದಳು. ಯಾರಿಗೆ ಅಂತ ಕೇಳಲಿಲ್ಲ. ‘ಅಮ್ಮ ರಜೆಗೆ ಬರೋದು ಬೇಡ ಅಂತ ಬರಿ ಅಜ್ಜ. ಅವಳು ಬಂದ್ರೆ ಎಲ್ಲರೂ ನನ್ನನ್ನ ಸುಳ್ಳಿ ಅಂತಾರೆ’ ಅಂದಳು. ಅವಳು ಹೇಳಿದ್ದನ್ನು ಬರೆದಿದ್ದೇನೆ. ಈಗ ನಾನು ಹೇಳುವುದು ಕೇಳು. ರಜೆ ಕೊಡದಿದ್ದರೂ ಬಾ. ಸಂಜೆ ಶಾಲೆ ಬಿಡುವ ಹೊತ್ತಿಗೆ, ಎಲ್ಲರೂ ನೋಡುವ ಹಾಗೆ ಬಾಗಿಲಲ್ಲೇ ನಿಲ್ಲು. ಆ ದೊಡ್ಡ ಶಾಲೆ ತಪ್ಪಿದರೆ ತಪ್ಪಲಿ. ಅವಳು ನಿನ್ನನ್ನು ನೋಡಿ ಗುರುತೇ ಇಲ್ಲದವಳ ಹಾಗೆ ದಾಟಿ ಹೋಗಬಹುದು. ಹೋದರೂ ಅಳಬೇಡ, ಕೂಗಬೇಡ, ಹಿಂದೆಯೇ ನಡೆದುಕೊಂಡು ಮನೆಗೆ ಬಾ.